ಶೇಕಡಾ ಐದು ಎಂದರೆ ಯಾವುದರಲ್ಲಿ ಐದು?

ಪ್ರಶ್ನೆ: ನನ್ನ ಮಗಳು ಮಧುಗಿರಿಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಅವಳಿಗೆ ಕೊಟ್ಟ ಲೆಕ್ಕ ಇದು: "ಒಂದು ಪಟ್ಟಣದ ಜನಸಂಖ್ಯೆ ಎರಡು ವರ್ಷಗಳಲ್ಲಿ 40,000ದಿಂದ 44,100ಕ್ಕೆ ಏರಿತು. ಎರಡೂ ವರ್ಷ ಬೆಳವಣಿಗೆಯ ದರ ಒಂದೇ ಆಗಿದ್ದರೆ ಆ ವಾರ್ಷಿಕ ದರ ಎಷ್ಟು? ಅದಕ್ಕೂ ಹಿಂದಿನ ವರ್ಷ ಇದೇ ದರದಲ್ಲಿ ಬೆಳೆದು 40,000 ಆಗಿದ್ದರೆ, ಆಗ ಜನಸಂಖ್ಯೆ ಎಷ್ಟಿತ್ತು?" ಮಗಳು ಒಟ್ಟು ಹೆಚ್ಚಳ ಶೇ 10.25 ಎಂದು ಕಂಡುಕೊಂಡು, ಅದನ್ನು ಎರಡರಿಂದ ಭಾಗಿಸಿ ಶೇ 5.125 ಎಂದು ಬರೆದಳು. ಕೊಟ್ಟಿರುವ ಉತ್ತರ ಶೇ 5. ಎರಡನೆಯ ಭಾಗಕ್ಕೆ 38,000 ಎಂದಳು, ಉತ್ತರ 38,095. ಸಮೀಕರಣ ಬಿಡಿಸಿದಾಗ ಬರುವ ಇನ್ನೊಂದು ಮೂಲವನ್ನು ಏಕೆ ಕೈಬಿಡಬೇಕು ಎಂಬುದೂ ಅವಳಿಗೆ ತಿಳಿಯುತ್ತಿಲ್ಲ. ಜೊತೆಗೆ ಅವಳದೇ ಒಂದು ಪ್ರಶ್ನೆ: ಇದೇ ಸೂತ್ರ ಹಾಕಿ 2031ರಲ್ಲಿ ತುಮಕೂರು ಜಿಲ್ಲೆಯಲ್ಲಿ ಎಷ್ಟು ಜನರಿರುತ್ತಾರೆ ಎಂದು ಹೇಳಬಹುದೇ?

ಉತ್ತರ: ನಿಮ್ಮ ಮಗಳ ಎರಡೂ ತಪ್ಪು ಉತ್ತರಗಳ ಹಿಂದೆ ಇರುವುದು ಒಂದೇ ಎಡವಟ್ಟು. ಕೂಡುವ, ಭಾಗಿಸುವ ಕೆಲಸದಲ್ಲಿ ಅವಳು ಎಲ್ಲಿಯೂ ಜಾರಿಲ್ಲ. ಶೇಕಡಾ ಎಂಬ ಮಾತು ಬಂದಾಗಲೆಲ್ಲ ಕೇಳಬೇಕಾದ "ಯಾವುದರ ಶೇಕಡಾ?" ಎಂಬ ಪ್ರಶ್ನೆಯನ್ನು ಅವಳು ಕೇಳಿಕೊಂಡಿಲ್ಲ, ಅಷ್ಟೇ. ತರಗತಿಯಲ್ಲಿ ವರ್ಷ ವರ್ಷವೂ ಇದನ್ನು ನೋಡುತ್ತೇನೆ. ವರ್ಗ ಸಮೀಕರಣವನ್ನು ಕಣ್ಣುಮುಚ್ಚಿ ಅಪವರ್ತಿಸುವ ಮಕ್ಕಳು ಕೂಡ ಇಲ್ಲಿ ಮುಗ್ಗರಿಸುತ್ತಾರೆ.

ಮೊದಲು ಸಮೀಕರಣವನ್ನು ಬದಿಗಿಟ್ಟು ಪಟ್ಟಣವನ್ನೇ ನೋಡೋಣ. ಮೊದಲ ವರ್ಷ ಶುರುವಾದಾಗ 40,000 ಜನ. ಶೇ 5ರಂತೆ 2,000 ಜನ ಸೇರಿ 42,000 ಆಯಿತು. ಎರಡನೆಯ ವರ್ಷದ ಶೇ 5 ಯಾವುದರ ಮೇಲೆ? 40,000ದ ಮೇಲಲ್ಲ, 42,000ದ ಮೇಲೆ. ಆದ್ದರಿಂದ ಎರಡನೆಯ ವರ್ಷ ಸೇರಿದ್ದು 2,100. ಒಟ್ಟು ಹೆಚ್ಚಳ 4,100, ಜನಸಂಖ್ಯೆ 44,100. ಚಕ್ರಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿ ಅಸಲಿಗೆ ಸೇರಿಕೊಂಡು ಎರಡನೆಯ ವರ್ಷ ತಾನೂ ಬಡ್ಡಿ ಹುಟ್ಟಿಸುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಹೊಸದಾಗಿ ಸೇರಿದ 2,000 ಜನರೂ ಊರಿನವರೇ. ಅವರ ಪಾಲಿನ ಶೇ 5, ಅಂದರೆ 100 ಜನ, ಎರಡನೆಯ ವರ್ಷದ ಲೆಕ್ಕದಲ್ಲಿ ಹೆಚ್ಚುವರಿಯಾಗಿ ಬಂದಿದ್ದಾರೆ.

ಶೇ 10.25ನ್ನು ಎರಡರಿಂದ ಭಾಗಿಸಿದಾಗ ನಿಮ್ಮ ಮಗಳು ಈ 100 ಜನರನ್ನೂ ಎರಡು ವರ್ಷಗಳಿಗೆ ಸಮನಾಗಿ ಹಂಚಿಬಿಟ್ಟಳು. ಅವಳ ದರವನ್ನು ಒಮ್ಮೆ ನಡೆಸಿ ನೋಡಿ. 40,000ದ ಶೇ 5.125 ಎಂದರೆ 2,050; ವರ್ಷದ ಕೊನೆಗೆ 42,050. ಅದರ ಶೇ 5.125 ಸುಮಾರು 2,155. ಎರಡನೆಯ ವರ್ಷದ ಕೊನೆಗೆ 44,205. ಲೆಕ್ಕದಲ್ಲಿ ಕೊಟ್ಟಿದ್ದು 44,100. ಎಲ್ಲಿಯೂ ಇಲ್ಲದ 105 ಜನ ಪಟ್ಟಣದೊಳಗೆ ಬಂದುಬಿಟ್ಟರು. ಉತ್ತರವನ್ನು ಹೀಗೆ ಮರಳಿ ಲೆಕ್ಕದೊಳಗೆ ಹಾಕಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಉತ್ತರಪಟ್ಟಿ ನೋಡುವ ಮೊದಲೇ ತನ್ನ ಉತ್ತರ ತಪ್ಪೆಂದು ಅವಳಿಗೆ ತಾನಾಗಿ ಗೊತ್ತಾಗುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಉತ್ತರಪಟ್ಟಿ ಇರುವುದಿಲ್ಲ, ಆದ್ದರಿಂದ ಈ ಅಭ್ಯಾಸವನ್ನು ಈಗಲೇ ಮಾಡಿಸಿ.

ಈಗ ಬೀಜಗಣಿತ. ದರವನ್ನು 'ದ' ಎಂದು ಕರೆಯೋಣ; ಮಗಳು ಎಕ್ಸ್ ಎಂದು ಬರೆದುಕೊಂಡರೂ ಸರಿಯೇ. ಇಲ್ಲಿ 'ದ' ಎನ್ನುವುದು ದಶಮಾಂಶ: ಶೇ 5 ಆದರೆ 0.05. ಒಂದು ವರ್ಷದಲ್ಲಿ 40,000 ಜನರಿಗೆ 40,000 × ದ ಜನ ಸೇರುತ್ತಾರೆ. ಎರಡನ್ನೂ ಸೇರಿಸಿ ಬರೆದರೆ 40,000 × (1 + ದ). ಅಂದರೆ ಒಂದು ವರ್ಷ ಕಳೆಯುವುದೆಂದರೆ (1 + ದ) ಎಂಬ ಗುಣಕದಿಂದ ಒಮ್ಮೆ ಗುಣಿಸುವುದು. ಎರಡು ವರ್ಷ ಕಳೆದರೆ ಎರಡು ಬಾರಿ ಗುಣಿಸುವುದು:

40,000 × (1 + ದ)² = 44,100

ಇಡೀ ಲೆಕ್ಕದ ಜೀವ ಈ ಒಂದು ಸಾಲಿನಲ್ಲಿದೆ. ವಾಕ್ಯದಿಂದ ಈ ಸಾಲಿಗೆ ಬರುವುದೇ ಕಷ್ಟದ ಭಾಗ; ಮುಂದಿನದು ಕೈಚಳಕ. ಅನೇಕ ಮಕ್ಕಳು ಇಲ್ಲಿಂದ ಮುಂದೆ ಆವರಣವನ್ನು ಬಿಡಿಸಿ, ಬಲಗಡೆಯದನ್ನು ಎಡಕ್ಕೆ ತಂದು, 100ರಿಂದ ಭಾಗಿಸಿ ಹೀಗೆ ಬರೆಯುತ್ತಾರೆ:

400ದ² + 800ದ − 41 = 0

(20ದ − 1)(20ದ + 41) = 0

ದ = 1/20 ಅಥವಾ ದ = −41/20

ತಪ್ಪಿಲ್ಲ. ಆದರೆ ನನ್ನ ಮಾತು ಕೇಳುವುದಾದರೆ, ಆವರಣವನ್ನು ಬಿಡಿಸಲೇಬೇಡಿ. ವರ್ಗವಾಗಿ ಕಟ್ಟಿಕೊಟ್ಟಿರುವುದನ್ನು ಒಡೆದು, ಮತ್ತೆ ಅಪವರ್ತಿಸಲು ಪರದಾಡುವುದು ಏಕೆ? 40,000ದಿಂದ ಭಾಗಿಸಿದರೆ (1 + ದ)² = 1.1025. ವರ್ಗಮೂಲ ತೆಗೆದರೆ 1 + ದ = 1.05 ಅಥವಾ −1.05. ದ = 0.05 ಅಥವಾ −2.05. ಮುಗಿಯಿತು. 1.1025ರ ವರ್ಗಮೂಲ ಹೊಳೆಯದಿದ್ದರೆ ಅದನ್ನು 441/400 ಎಂದು ಭಿನ್ನರಾಶಿಯಾಗಿ ಬರೆಯಿರಿ. 441 ಎಂದರೆ 21ರ ವರ್ಗ, 400 ಎಂದರೆ 20ರ ವರ್ಗ. ಈ ಬಗೆಯ ಲೆಕ್ಕಗಳಲ್ಲಿ ಸಂಖ್ಯೆಗಳನ್ನು ಹೀಗೆ ಒಗ್ಗುವಂತೆ ಆಯ್ದಿರುತ್ತಾರೆ.

ಇನ್ನು ಆ ಎರಡನೆಯ ಮೂಲ, −2.05. "ಋಣ ಬಂದರೆ ಬಿಡು" ಎಂದು ಹೇಳಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಋಣ ದರಕ್ಕೆ ಅರ್ಥವಿದೆ. ಊರು ಖಾಲಿಯಾಗುತ್ತಿದ್ದರೆ ದರ ಋಣವೇ ಆಗಿರುತ್ತದೆ, −0.05 ಎಂದರೆ ವರ್ಷಕ್ಕೆ ಶೇ 5ರಷ್ಟು ಇಳಿಕೆ. ಹಾಗಾದರೆ −2.05ರಲ್ಲಿ ಏನು ತೊಂದರೆ? ಅದು ಶೇ 205ರಷ್ಟು ಇಳಿಕೆ. ಶೇ 100ರಷ್ಟು ಇಳಿದಾಗಲೇ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚು ಇಳಿಯಲು ಜನರೆಲ್ಲಿದ್ದಾರೆ? ಸಮೀಕರಣಕ್ಕೆ ಇದು ಗೊತ್ತಿಲ್ಲ. ಅದರ ಪ್ರಕಾರ ಮೊದಲ ವರ್ಷದ ಕೊನೆಗೆ ಪಟ್ಟಣದಲ್ಲಿ ಋಣ 42,000 ಜನ ಇರುತ್ತಾರೆ, ಎರಡನೆಯ ವರ್ಷ ಮತ್ತೆ −1.05ರಿಂದ ಗುಣಿಸಿದಾಗ ಋಣ ಋಣ ಸೇರಿ ಧನವಾಗಿ ಸರಿಯಾಗಿ 44,100ಕ್ಕೆ ಬಂದು ನಿಲ್ಲುತ್ತದೆ. ಬೀಜಗಣಿತವಾಗಿ ಚೊಕ್ಕ, ಊರಾಗಿ ಅಸಾಧ್ಯ. ಆದ್ದರಿಂದ ಉತ್ತರಪತ್ರಿಕೆಯಲ್ಲಿ "ಋಣವಾದ್ದರಿಂದ ಕೈಬಿಟ್ಟಿದೆ" ಎಂದು ಬರೆಯುವ ಬದಲು "ಇಳಿಕೆ ಶೇ 100ನ್ನು ಮೀರಲಾರದು, ಆದ್ದರಿಂದ ಈ ಮೂಲ ಹೊಂದುವುದಿಲ್ಲ" ಎಂದು ಬರೆಯಲಿ. ಮೌಲ್ಯಮಾಪಕರಿಗೆ ಆ ಹುಡುಗಿ ಯೋಚಿಸಿದ್ದಾಳೆ ಎಂಬುದು ಕಾಣುತ್ತದೆ.

ಎರಡನೆಯ ಭಾಗಕ್ಕೆ ಬರೋಣ. ಒಂದು ವರ್ಷ ಹಿಂದಕ್ಕೆ ಹೋಗಬೇಕು. ಮಗಳು 40,000ದ ಶೇ 5ನ್ನು, ಅಂದರೆ 2,000ವನ್ನು ಕಳೆದು 38,000 ಎಂದಳು. ಮತ್ತೆ ಅದೇ ಪ್ರಶ್ನೆ: ಯಾವುದರ ಶೇ 5? ಆ ವರ್ಷದ ಬೆಳವಣಿಗೆ ನಡೆದದ್ದು ಹಳೆಯ ಜನಸಂಖ್ಯೆಯ ಮೇಲೆ. ಆ ಹಳೆಯ ಜನಸಂಖ್ಯೆಯೇ ನಮಗೆ ಗೊತ್ತಿಲ್ಲ. ಹೊಸದರ ಶೇ 5ನ್ನು ಕಳೆದರೆ ಹಳೆಯದು ಸಿಗುವುದಿಲ್ಲ. ಪರೀಕ್ಷಿಸಿ: 38,000ಕ್ಕೆ ಶೇ 5 ಸೇರಿಸಿದರೆ 1,900 ಸೇರಿ 39,900 ಆಗುತ್ತದೆ, 40,000 ಆಗುವುದಿಲ್ಲ. ಹಳೆಯದನ್ನು 'ಹ' ಎಂದುಕೊಂಡರೆ ಹ × 1.05 = 40,000, ಆದ್ದರಿಂದ ಹ = 40,000 ÷ 1.05 = 38,095.24. ಮುಂದಕ್ಕೆ ಹೋಗುವಾಗ ಗುಣಿಸಿದ್ದೇವೆ, ಹಿಂದಕ್ಕೆ ಬರುವಾಗ ಭಾಗಿಸಬೇಕು.

0.24 ಜನ ಎಂದರೇನು ಎಂದು ಮಗಳು ಕೇಳಿದರೆ ಅವಳನ್ನು ಗದರಬೇಡಿ, ಅದು ಒಳ್ಳೆಯ ಪ್ರಶ್ನೆ. ಜನರನ್ನು ಎಣಿಸಿದರೆ ಪೂರ್ಣಸಂಖ್ಯೆಯೇ ಬರುತ್ತದೆ. ಸೂತ್ರ ಎಣಿಸುವುದಿಲ್ಲ, ಅಂದಾಜು ಮಾಡುತ್ತದೆ. ಕೊನೆಯ ಉತ್ತರವನ್ನು ಮಾತ್ರ ಹತ್ತಿರದ ಪೂರ್ಣಸಂಖ್ಯೆಗೆ ತಂದು "ಸುಮಾರು 38,095" ಎಂದು ಬರೆಯಬೇಕು. ನಡುವಿನ ಹಂತಗಳಲ್ಲಿ ದಶಮಾಂಶಗಳನ್ನು ಕತ್ತರಿಸಬಾರದು.

ಇಷ್ಟಕ್ಕೆ ಅಭ್ಯಾಸದ ಲೆಕ್ಕ ಮುಗಿಯುತ್ತದೆ. ತುಮಕೂರಿನ ಬಗ್ಗೆ ಅವಳು ಕೇಳಿದ ಪ್ರಶ್ನೆ ನನಗೆ ಇದಕ್ಕಿಂತ ಇಷ್ಟವಾಯಿತು. ಅದಕ್ಕೆ ಸ್ವಲ್ಪ ನಿಧಾನವಾಗಿಯೇ ಉತ್ತರಿಸುತ್ತೇನೆ.

ಜನಗಣತಿಯ ಪ್ರಕಾರ ತುಮಕೂರು ಜಿಲ್ಲೆಯ ಜನಸಂಖ್ಯೆ 1991ರಲ್ಲಿ 23,05,819, 2001ರಲ್ಲಿ 25,84,711, 2011ರಲ್ಲಿ 26,78,980. ಗಣತಿ ಹತ್ತು ವರ್ಷಕ್ಕೊಮ್ಮೆ ನಡೆಯುವುದರಿಂದ ಇಲ್ಲಿನ ಬೆಳವಣಿಗೆ ದಶಕದ ಲೆಕ್ಕದಲ್ಲಿ ಸಿಗುತ್ತದೆ. 1991ರಿಂದ 2001ಕ್ಕೆ ಶೇ 12.10, 2001ರಿಂದ 2011ಕ್ಕೆ ಬರಿಯ ಶೇ 3.65.

ಈ ಎರಡು ದರಗಳನ್ನು ನೋಡಿದ ಕೂಡಲೇ ಎಚ್ಚರವಾಗಬೇಕು. ಅಭ್ಯಾಸದ ಲೆಕ್ಕದಲ್ಲಿ "ದರ ಒಂದೇ ಆಗಿದ್ದರೆ" ಎಂಬ ಮಾತು ಇತ್ತು. ಮಕ್ಕಳು ಅದನ್ನು ಓದದೆ ದಾಟುತ್ತಾರೆ, ಆದರೆ ಸೂತ್ರ ನಿಂತಿರುವುದೇ ಅದರ ಮೇಲೆ. 2001ರಲ್ಲಿ ಕುಳಿತ ಒಬ್ಬರು ಹಿಂದಿನ ದಶಕದ ಶೇ 12.10ನ್ನೇ ಮುಂದಕ್ಕೂ ನಡೆಸಿದ್ದರೆ 2011ಕ್ಕೆ ಸುಮಾರು 28 ಲಕ್ಷ 97 ಸಾವಿರ ಎಂದು ಹೇಳುತ್ತಿದ್ದರು. ಎಣಿಸಿದಾಗ ಸಿಕ್ಕಿದ್ದು 26 ಲಕ್ಷ 79 ಸಾವಿರ. ಎರಡು ಲಕ್ಷಕ್ಕೂ ಮಿಕ್ಕಿ ವ್ಯತ್ಯಾಸ, ಅದೂ ಒಂದೇ ದಶಕದಲ್ಲಿ. ಗುಣಾಕಾರದಲ್ಲಿ ಯಾವ ದೋಷವೂ ಇರಲಿಲ್ಲ. ದರ ಬದಲಾಯಿತು.

ದರ ಏಕೆ ಬದಲಾಗುತ್ತದೆ? ಹುಟ್ಟು, ಸಾವು, ವಲಸೆ: ಮೂರರ ಒಟ್ಟು ಫಲವೇ ಆ 'ದ'. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.7, ಒಂದು ಪೀಳಿಗೆ ತನ್ನಷ್ಟೇ ದೊಡ್ಡ ಇನ್ನೊಂದು ಪೀಳಿಗೆಯನ್ನು ಬಿಟ್ಟುಹೋಗಲು ಬೇಕಾದದ್ದು ಸುಮಾರು 2.1. ವಲಸೆಯನ್ನು ನಾನು ನಿಮಗೆ ವಿವರಿಸಬೇಕಿಲ್ಲ. ಮಧುಗಿರಿ, ಪಾವಗಡ, ಶಿರಾ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರು ಪ್ರತಿ ಬೀದಿಯಲ್ಲಿಯೂ ಇದ್ದಾರೆ, ಮತ್ತು ಗಣತಿ ಅವರನ್ನು ವಾಸವಿರುವ ಕಡೆ ಎಣಿಸುತ್ತದೆ. ತುಮಕೂರು ಶೇ 3.65 ಬೆಳೆದ ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ 65,37,124ರಿಂದ 96,21,551ಕ್ಕೆ, ಅಂದರೆ ಶೇ 47.18ರಷ್ಟು ಬೆಳೆಯಿತು.

ಬೆಂಗಳೂರಿನ ಈ ಅಂಕಿಯನ್ನು ಮಗಳ ಮೊದಲ ತಪ್ಪಿಗೆ ಜೋಡಿಸಿ ನೋಡಿ. ಶೇ 47.18ನ್ನು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಶೇ 4.72. ಆದರೆ (1 + ದ)¹⁰ = 1.4718 ಎಂಬ ಸಮೀಕರಣವನ್ನು ಬಿಡಿಸಿದರೆ ನಿಜವಾದ ವಾರ್ಷಿಕ ದರ ಶೇ 3.94. ದೊಡ್ಡ ವ್ಯತ್ಯಾಸ. ತುಮಕೂರಿಗೆ ಅದನ್ನೇ ಮಾಡಿದರೆ ಭಾಗಾಕಾರದಿಂದ ಶೇ 0.365, ಸರಿಯಾದ ದಾರಿಯಿಂದ ಶೇ 0.359, ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಬೆಳವಣಿಗೆ ಮಂದವಾಗಿದ್ದಾಗ ಭಾಗಿಸುವ ತಪ್ಪು ಅಡಗಿ ಕೂರುತ್ತದೆ, ವೇಗವಾಗಿದ್ದಾಗ ಹೊರಬರುತ್ತದೆ. ಇನ್ನೊಂದು ಮಾತು: ವರ್ಷಕ್ಕೆ ಶೇ 5 ಬೆಳೆಯುವ ಅಭ್ಯಾಸ ಪುಸ್ತಕದ ಆ ಪಟ್ಟಣ, ಬೆಂಗಳೂರು ಆ ದಶಕದಲ್ಲಿ ಬೆಳೆದುದಕ್ಕಿಂತಲೂ ವೇಗವಾಗಿ ಬೆಳೆಯುತ್ತಿದೆ. ಆ ದರ ನಿಲ್ಲದೆ ನಡೆದರೆ 15 ವರ್ಷ ತುಂಬುವುದರೊಳಗೆ ಜನಸಂಖ್ಯೆ ಎರಡರಷ್ಟಾಗುತ್ತದೆ. ಲೆಕ್ಕ ಬರೆಯುವವರು ಶೇ 5, ಶೇ 10 ಎಂದು ಆರಿಸುವುದು ಗುಣಿಸಲು ಸುಲಭವೆಂದು. ಊರುಗಳು ಹಾಗೆ ಬೆಳೆಯುತ್ತವೆ ಎಂದಲ್ಲ.

ಹತ್ತನೆಯ ಮೂಲ ತೆಗೆಯುವುದು ಹೇಗೆ ಎಂದು ಮಗಳು ಕೇಳಬಹುದು. ಪಿಯುಸಿಯಲ್ಲಿ ಲಾಗರಿದಮ್ ಕೈಗೆ ಬಂದ ಮೇಲೆ ಅದು ಸಲೀಸು. ಅಲ್ಲಿಯವರೆಗೆ ಊಹಿಸಿ ತಾಳೆ ನೋಡುವುದು ಒಳ್ಳೆಯ ದಾರಿ. ಕೋಲಾರ ಜಿಲ್ಲೆ 2001ರ 13,87,062ರಿಂದ 2011ರಲ್ಲಿ 15,36,401 ಆಯಿತು, ಗುಣಕ 1.1077. ವರ್ಷಕ್ಕೆ ಶೇ 1 ಎಂದುಕೊಂಡು 1.01ನ್ನು ಹತ್ತು ಬಾರಿ ಗುಣಿಸಿದರೆ 1.1046, ಸ್ವಲ್ಪ ಕಡಿಮೆ. ಶೇ 1.1 ಎಂದುಕೊಂಡರೆ 1.1156, ಹೆಚ್ಚಾಯಿತು. ಉತ್ತರ ಇವೆರಡರ ನಡುವೆ, ಶೇ 1ಕ್ಕೆ ಹತ್ತಿರ. ಇನ್ನೊಂದೆರಡು ಸುತ್ತಿನಲ್ಲಿ ಶೇ 1.03 ಸಿಗುತ್ತದೆ.

ಕೋಲಾರದ ಹೆಸರು ಬಂದಾಗ ಒಂದು ಹೊಂಡವನ್ನು ತೋರಿಸಲೇಬೇಕು. ಹಳೆಯ ಪುಸ್ತಕವೊಂದರಲ್ಲಿ 2001ರ ಕೋಲಾರ ಜಿಲ್ಲೆಯ ಜನಸಂಖ್ಯೆಯನ್ನು ಹುಡುಕಿದರೆ 25,36,069 ಎಂದಿರುತ್ತದೆ. 2011ರದು 15,36,401. ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಕಾಣೆಯಾದರೇ? ಹಾಗಿಲ್ಲ. 2007ರಲ್ಲಿ ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಮಾಡಿದರು. ಈಗಿನ ಗಡಿಗಳ ಪ್ರಕಾರ 2001ರಲ್ಲಿ ಕೋಲಾರದಲ್ಲಿ 13,87,062, ಚಿಕ್ಕಬಳ್ಳಾಪುರದಲ್ಲಿ 11,49,007 ಜನರಿದ್ದರು; ಕೂಡಿಸಿದರೆ ಹಳೆಯ 25,36,069 ಸರಿಯಾಗಿ ಬರುತ್ತದೆ. ಶೇಕಡಾ ತೆಗೆಯುವ ಮೊದಲು ಎರಡೂ ಸಂಖ್ಯೆಗಳು ಒಂದೇ ನೆಲದವೇ ಎಂದು ನೋಡದಿದ್ದರೆ, ಬೆಳೆದ ಜಿಲ್ಲೆಯನ್ನು ಶೇ 39ರಷ್ಟು ಕುಗ್ಗಿದ ಜಿಲ್ಲೆಯೆಂದು ಬರೆದುಬಿಡುತ್ತೇವೆ.

ಇದೇ ಜೋಡಿಯಲ್ಲಿ ಇನ್ನೊಂದು ಪಾಠವಿದೆ. ಆ ದಶಕದಲ್ಲಿ ಕೋಲಾರ ಬೆಳೆದದ್ದು ಶೇ 10.77, ಚಿಕ್ಕಬಳ್ಳಾಪುರ ಶೇ 9.23. ಎರಡೂ ಸೇರಿದ ಹಳೆಯ ಜಿಲ್ಲೆ ಎಷ್ಟು ಬೆಳೆಯಿತು? ಕೂಡಿಸಿ ಎರಡರಿಂದ ಭಾಗಿಸಿದರೆ ಶೇ 10. ನೇರವಾಗಿ ಲೆಕ್ಕ ಹಾಕಿದರೆ 25,36,069ರಿಂದ 27,91,505ಕ್ಕೆ, ಅಂದರೆ ಶೇ 10.07. ಕೋಲಾರದಲ್ಲಿ ಮೊದಲೇ ಹೆಚ್ಚು ಜನರಿದ್ದುದರಿಂದ ಅದರ ದರಕ್ಕೆ ತೂಕ ಹೆಚ್ಚು. ಬೇರೆ ಬೇರೆ ಬುಡದ ಮೇಲೆ ನಿಂತ ಶೇಕಡಾಗಳನ್ನು ಸುಮ್ಮನೆ ಕೂಡಿಸುವಂತಿಲ್ಲ. ಇಲ್ಲಿ ವ್ಯತ್ಯಾಸ ಚಿಕ್ಕದು, ಏಕೆಂದರೆ ಎರಡು ಜಿಲ್ಲೆಗಳೂ ಗಾತ್ರದಲ್ಲಿ ಹೆಚ್ಚುಕಡಿಮೆ ಸಮಾನ. ತುಮಕೂರು ಮತ್ತು ಬೆಂಗಳೂರು ನಗರ ಜಿಲ್ಲೆಗಳನ್ನು ಜೋಡಿಸಿ ಮಾಡಿದರೆ ಸರಾಸರಿಯ ಉತ್ತರ ಎಲ್ಲಿಯೋ ಹೋಗಿ ಬೀಳುತ್ತದೆ. ಮಗಳು ಮಾಡಿ ನೋಡಲಿ, ಬೇಕಾದ ಅಂಕಿಗಳೆಲ್ಲ ಮೇಲೆಯೇ ಇವೆ.

ಸೂತ್ರಕ್ಕೆ ಊರಿನ ಕಥೆ ಗೊತ್ತಿರುವುದಿಲ್ಲ ಎನ್ನುವುದಕ್ಕೂ ಕೋಲಾರವೇ ಸಾಕ್ಷಿ. ಅಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆ ವರ್ಷದ ಗಣತಿಯ ಆಧಾರ ದಿನ ಮರುದಿನವೇ, ಮಾರ್ಚ್ 1. ನೂರಕ್ಕೂ ಹೆಚ್ಚು ವರ್ಷ ಕೆಲಸ ಕೊಟ್ಟ ಗಣಿ ನಿಂತಾಗ ಅಲ್ಲಿಂದ ಮುಂದಿನ ದರ ಹಿಂದಿನಂತೆಯೇ ಇರುತ್ತದೆ ಎಂದು ಯಾವ ಸಮೀಕರಣ ಭರವಸೆ ಕೊಟ್ಟೀತು?

ಹಾಗಾದರೆ 2031ರ ತುಮಕೂರು? 2011ರಿಂದ ಎರಡು ದಶಕ ಮುಂದಕ್ಕೆ ಹೋಗಬೇಕು, ಆದ್ದರಿಂದ ದಶಕದ ಗುಣಕದಿಂದ ಎರಡು ಬಾರಿ ಗುಣಿಸಬೇಕು. ಕೊನೆಯ ದಶಕದ ಶೇ 3.65 ಹಾಗೆಯೇ ಮುಂದುವರಿದರೆ ಸುಮಾರು 28 ಲಕ್ಷ 78 ಸಾವಿರ. ಅದಕ್ಕೂ ಹಿಂದಿನ ದಶಕದ ಶೇ 12.10 ಮರಳಿ ಬಂದರೆ ಸುಮಾರು 33 ಲಕ್ಷ 66 ಸಾವಿರ. ಎರಡರ ನಡುವೆ ಐದು ಲಕ್ಷದಷ್ಟು ಅಂತರವಿದೆ. ನನ್ನ ಒಲವು ಮೊದಲನೆಯ ಅಂಕಿಯ ಕಡೆಗೆ, ಹುಟ್ಟಿನ ಪ್ರಮಾಣ ಇಳಿದಿರುವುದರಿಂದ. ಆದರೆ ತುಮಕೂರು ನಗರದ ಸುತ್ತ ಕೈಗಾರಿಕೆ ಹಬ್ಬುತ್ತಿದೆ, ಹೊರಗಿನಿಂದ ಜನ ಬರುತ್ತಿದ್ದಾರೆ. ದರ ಸ್ವಲ್ಪ ಮೇಲಕ್ಕೂ ಹೋಗಬಹುದು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಿಕೆಯಾಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಮುಂದಿನ ಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಆ ಅಂಕಿ ಬಂದಾಗ ಮಗಳು ಈ ಲೆಕ್ಕವನ್ನು ಮತ್ತೆ ತೆಗೆಯಲಿ, ಆದರೆ ಒಂದು ಎಚ್ಚರಿಕೆ: ಈ ಬಾರಿ ಎರಡು ಗಣತಿಗಳ ನಡುವೆ ಇರುವುದು ಹತ್ತು ವರ್ಷವಲ್ಲ, ಹದಿನಾರು. ಗುಣಕದ ಘಾತವನ್ನು ಅದಕ್ಕೆ ತಕ್ಕಂತೆ ಹಾಕಬೇಕು. ಹತ್ತು ಎಂದು ಅಭ್ಯಾಸಬಲದಿಂದ ಬರೆದರೆ ವಾರ್ಷಿಕ ದರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಕೊನೆಯದಾಗಿ ಅವಳಿಗೊಂದು ಲೆಕ್ಕ. ಒಂದು ಪಟ್ಟಣದ ಜನಸಂಖ್ಯೆ ಮೊದಲ ವರ್ಷ ಶೇ 10 ಏರಿತು, ಎರಡನೆಯ ವರ್ಷ ಶೇ 10 ಇಳಿಯಿತು. ಈಗ 39,600 ಜನರಿದ್ದಾರೆ. ಮೊದಲು ಎಷ್ಟಿದ್ದರು? 1.1 × 0.9 = 0.99, ಆದ್ದರಿಂದ 39,600ನ್ನು 0.99ರಿಂದ ಭಾಗಿಸಿ 40,000 ಎಂದರೆ ಅವಳಿಗೆ ವಿಷಯ ದಕ್ಕಿದೆ. ಏರಿದ್ದೂ ಇಳಿದದ್ದೂ ಸಮವಾಯಿತು, ಮೊದಲೂ 39,600 ಎಂದರೆ, 38,000ದ ಬಗ್ಗೆ ಮೇಲೆ ಬರೆದ ಭಾಗವನ್ನು ಇನ್ನೊಮ್ಮೆ ಅವಳ ಜೊತೆ ಕುಳಿತು ಓದಿ.